ಒಂದೇ ಮುಚ್ಚಳದ ಕೆಳಗೆ

ಜೂನ್ 4

ಚೂಟಿ,

ಹೆದರಬೇಡ, ಅಮ್ಮ ಚೆನ್ನಾಗಿದ್ದಾಳೆ. ಮೂರು ವರ್ಷದ ಮೇಲೆ ಅಕ್ಕನ ಕೈಬರಹದ ಲಕೋಟೆ ಕಂಡರೆ ನಿನ್ನ ಎದೆ ಧಸಕ್ಕೆನ್ನುತ್ತದೆ ಎಂದು ಗೊತ್ತು, ಅದಕ್ಕೇ ಮೊದಲ ಸಾಲಿನಲ್ಲೇ ಹೇಳಿಬಿಟ್ಟೆ. ಇದು ಕೆಲಸದ ಪತ್ರ.

ನಮ್ಮ ಅಳತೆ ಪ್ರಯೋಗಾಲಯದವರು ಎಂಟು ಶಾಖೆಗಳಿಗೂ ಒಂದೊಂದು ಲೇಸರ್ ಕೊಳ್ಳುತ್ತಿದ್ದಾರೆ. ಕಾರ್ಖಾನೆಗಳಿಂದ ಬರುವ ಉಕ್ಕಿನ ಅಳತೆ ತುಂಡುಗಳ ಉದ್ದವನ್ನು ಬೆಳಕಿನ ಅಲೆಗಳಲ್ಲಿ ಎಣಿಸುವುದಕ್ಕೆ. ಅಲೆಯೇ ಜಾರಿದರೆ ಎಣಿಕೆಯೂ ಜಾರುತ್ತದೆ. ಹಾಗಾಗಿ ಯಾವ ಬಗೆಯ ಲೇಸರ್ ಜಾರದೆ ನಿಲ್ಲುತ್ತದೆ ಎಂದು ಹೋಲಿಸಿ ನೋಡಬೇಕು. ಬಂದಿರುವ ಲೇಸರ್ ಪೆಟ್ಟಿಗೆಗಳಲ್ಲಿ ಒಂದು ನಿಮ್ಮ ವರ್ಕ್‌ಶಾಪಿನದು. ಹೋಲಿಸುವವಳು ನಾನು.

ಇದು ನನ್ನ ತಂಗಿ ಮಾಡಿದ ಪೆಟ್ಟಿಗೆ, ಬೇರೆಯವರಿಗೆ ಕೊಡಿ ಎಂದು ನಿರ್ದೇಶಕರಿಗೆ ಹೇಳಿದೆ. "ಬೇರೆ ಯಾರಿದ್ದಾರಮ್ಮ ಇಲ್ಲಿ? ನೀವೇ ಮಾಡಿ. ಆದ್ರೆ ಮುಗಿಯೋವರೆಗೂ ಫೋನಿಲ್ಲ, ಭೇಟಿ ಇಲ್ಲ. ಏನಿದ್ರೂ ಪತ್ರದಲ್ಲಿ ಕೇಳಿ. ಎಲ್ಲದರ ನಕಲೂ ಫೈಲಿಗೆ ಹೋಗ್ಬೇಕು," ಎಂದರು. ನನಗೆ ನಗು ಬಂತು. ಫೋನಿಲ್ಲ, ಭೇಟಿ ಇಲ್ಲ ಎನ್ನುವುದನ್ನು ನಾವಿಬ್ಬರೂ ಯಾರೂ ಹೇಳದೆಯೇ ಇಷ್ಟು ದಿನ ಶ್ರದ್ಧೆಯಿಂದ ಪಾಲಿಸಿಕೊಂಡು ಬಂದಿದ್ದೇವೆ.

ಸದ್ಯಕ್ಕೆ ಬೇಕಾದದ್ದು ಒಂದೇ. ಪೆಟ್ಟಿಗೆಯ ಸ್ವಿಚ್ ಹಾಕಿದ ಮೇಲೆ ಅದು ನೆಲೆ ನಿಲ್ಲಲು ಎಷ್ಟು ಹೊತ್ತು ಬಿಡಬೇಕು?

ನಿನ್ನ ಅಕ್ಕ (ಫೈಲಿನ ಪ್ರಕಾರ: ಪರೀಕ್ಷಕರು)


ಜೂನ್ 11

ಪಿರಿಪಿರಿ ಅಕ್ಕನಿಗೆ, ಮತ್ತು ಇದನ್ನು ಫೈಲಿನಲ್ಲಿ ಓದಲಿರುವ ಮಹನೀಯರಿಗೆ ನಮಸ್ಕಾರ.

ಒಂದು ಗಂಟೆ ಬಿಟ್ಟರೆ ಸಾಕು. ಉತ್ತರ ಮುಗಿಯಿತು. ಉಳಿದದ್ದು ಫೈಲು ಓದುವವರಿಗೆ. ಅವರಿಗೂ ತಲೆಬುಡ ತಿಳಿಯಬೇಡವೇ?

ಸ್ವಾಮಿ, ಮೂರು ವರ್ಷದ ಹಿಂದೆ ನಾನೂ ಅದೇ ಕೋಣೆಯಲ್ಲಿ ಅಕ್ಕನ ಪಕ್ಕದ ಮೇಜಿನಲ್ಲಿದ್ದೆ. ಅವಳಿಗೆ ಅಯೋಡಿನ್ ಲೇಸರ್ ಎಂಬ ಮಹಾರಾಣಿಯ ಸೇವೆ. ನನಗೆ ಸಾಮಾನ್ಯ ಲೇಸರ್ ಕೊಳವೆ ಹಾಕಿ, ಯಾರು ಬೇಕಾದರೂ ನಡೆಸಬಹುದಾದ ಸರಳ ಪೆಟ್ಟಿಗೆ ಮಾಡುವ ಹುಚ್ಚು. ಒಂದು ದಿನ ಸಭೆಯಲ್ಲಿ, ಈ ಹುಡುಗಿಯ ಕೆಲಸ ಮುಂದುವರಿಸಬಹುದೇ ಎಂದು ದೊಡ್ಡವರು ಕೇಳಿದರು. ಅಕ್ಕ ನನ್ನ ಕಡೆ ತಿರುಗಿಯೂ ನೋಡದೆ, "ಆಟಕ್ಕೆ ಚೆನ್ನಾಗಿದೆ ಸರ್, ಅಳತೆಗಲ್ಲ," ಎಂದಳು. ಮರುದಿನವೇ ರಾಜೀನಾಮೆ ಬರೆದೆ. ಈಗ ಈ ವರ್ಕ್‌ಶಾಪಿನ ಮೂಲೆಯಲ್ಲಿ ಒಂದು ಮೇಜು ಹಿಡಿದು ಅದೇ ಆಟದ ಸಾಮಾನು ಮಾಡಿಕೊಂಡಿದ್ದೇನೆ. ಜೊತೆಗೆ ಇಬ್ಬರು ಹೆಂಗಸರಿದ್ದಾರೆ, ಬೆಸುಗೆಯಲ್ಲಿ ನನಗಿಂತ ಚುರುಕು.

ನಿಮ್ಮ ಎಂಟು ಪೆಟ್ಟಿಗೆಯ ಕೆಲಸ ಸಿಕ್ಕಿದರೆ ಈ ಮೇಜು ಉಳಿಯುತ್ತದೆ. ಸಿಗದಿದ್ದರೆ ಮಾಲೀಕರು ಇಲ್ಲಿ ಲೇತ್ ಯಂತ್ರ ಕೂರಿಸುತ್ತಾರೆ. ಜಾಗ ಸಾಕೇ ಎಂದು ಈಗಲೇ ದಿನಕ್ಕೊಂದು ಸಲ ಬಂದು ನೋಡಿಕೊಂಡು ಹೋಗುತ್ತಾರೆ.

ಅಕ್ಕ, ಇದನ್ನು ಕನಿಕರಕ್ಕೆಂದು ಬರೆದಿಲ್ಲ. ಕನಿಕರ ತೋರಿಸಿದೆಯೋ, ನಿಯಮ ಮುರಿದು ಬಂದು ಪೆಟ್ಟಿಗೆ ಹೊತ್ತುಕೊಂಡು ಹೋಗುತ್ತೇನೆ.

ಆಟದ ಸಾಮಾನಿನವಳು,
ಚೂಟಿ


ಜೂನ್ 30

ಚೂಟಿ,

ನಿನ್ನ ಪತ್ರ ಫೈಲು ಸೇರಿತು. ನಮ್ಮ ಗುಮಾಸ್ತರು ಎರಡು ಸಲ ಓದಿ, ನನ್ನ ಮೇಜಿನ ಹತ್ತಿರ ಬಂದು, "ಮೇಡಂ, ಆಟಕ್ಕೆ ಅಂತ ನಿಜವಾಗ್ಲೂ ಅಂದ್ರಾ?" ಎಂದು ಕೇಳಿದರು. ಹೌದು ಎಂದೆ. "ಛೆ," ಎಂದು ನಾಲಿಗೆ ಕಚ್ಚಿಕೊಂಡು ಹೋದರು. ಬಾಗಿಲವರೆಗೆ ಹೋದವರು ಮತ್ತೆ ಬಂದು, "ಈ ಲೇಸರ್ ವಿಷಯ ಒಂಚೂರು ಅರ್ಥ ಆಗೋ ಹಾಗೆ ಬರೀರಿ," ಎಂದರು. ಆದ್ದರಿಂದ ನಿನಗೆ ಗೊತ್ತಿರುವುದನ್ನೇ ಬರೆಯುತ್ತೇನೆ, ಸಹಿಸಿಕೋ.

ಮೊದಲನೆಯದು ನನ್ನ ಮಹಾರಾಣಿ. ಗಾಜಿನ ಕುಪ್ಪಿಯಲ್ಲಿ ಅಯೋಡಿನ್ ಆವಿ ಇರುತ್ತದೆ. ಆ ಆವಿ ತನಗೆ ಒಗ್ಗಿದ ಬೆಳಕನ್ನು ಮಾತ್ರ ಹೀರಿಕೊಳ್ಳುತ್ತದೆ, ಲೇಸರನ್ನು ಅಲ್ಲಿಗೇ ಹಿಡಿದು ನಿಲ್ಲಿಸುತ್ತೇವೆ. ಆ ಜಾಗವನ್ನು ಮನುಷ್ಯರು ಗುರುತು ಹಾಕಿದ್ದಲ್ಲ, ಆದ್ದರಿಂದ ಅದು ಇವತ್ತಿಗೂ ನಾಳೆಗೂ ಅಲ್ಲೇ ಇರುತ್ತದೆ. ಎರಡನೆಯ ಬಗೆಯಲ್ಲಿ ಕೊಳವೆಯ ಸುತ್ತ ಅಯಸ್ಕಾಂತವಿಟ್ಟು ಬೆಳಕನ್ನು ಸೀಳಿ, ಸೀಳುಗಳ ನಡುವಿನ ಅಂತರವನ್ನು ಕಾಯುತ್ತಾರೆ. ಮೂರನೆಯದು ನಿನ್ನದು. ಕೊಳವೆಯಿಂದ ಬರುವ ಎರಡು ಎಳೆ ಬೆಳಕನ್ನು ಒಂದು ಗಾಜಿನ ತುಂಡಿನಲ್ಲಿ ಬೇರೆ ಮಾಡಿ, ಎರಡರ ಹೊಳಪೂ ಸಮವಾಗಿರುವ ಹಾಗೆ ಕೊಳವೆಯನ್ನು ಬಿಸಿ ಮಾಡುವುದು. ತಕ್ಕಡಿಯ ಎರಡು ತಟ್ಟೆ ಸಮ ಇದ್ದರೆ ಸಾಕು ಎನ್ನುವುದು ನಿನ್ನ ವಾದ. ತಕ್ಕಡಿಯ ದಂಡವೇ ನಿಧಾನವಾಗಿ ಬಾಗಿದರೆ ಏನು ಗತಿ ಎನ್ನುವುದು ನನ್ನ ತಕರಾರು.

ಮಹಾರಾಣಿಗೆ ಹುಷಾರಿಲ್ಲ. ಕುಪ್ಪಿಯನ್ನು ತಂಪಾಗಿಡುವ ಭಾಗ ಕೆಟ್ಟಿದೆ, ಹೊಸದು ಇನ್ನೂ ಬಂದಿಲ್ಲ. ಅಲ್ಲಿಯವರೆಗೆ ಇಲ್ಲಿನ ಇನ್ನೊಂದು ಲೇಸರ್ ಎದುರು ಎಲ್ಲವನ್ನೂ ನೋಡಲು ಒಪ್ಪಿಗೆ ಸಿಕ್ಕಿದೆ. ಯಾವುದು ಎಂದು ವರದಿಗೆ ಸಹಿ ಆಗುವವರೆಗೆ ಹೇಳುವಂತಿಲ್ಲ. ಎರಡರ ಬೆಳಕನ್ನೂ ಬೆರೆಸಿದಾಗ ಅವುಗಳ ಅಂತರ ಒಂದು ಬಡಿತವಾಗಿ ಕಾಣುತ್ತದೆ, ಎರಡು ತಂತಿ ಶ್ರುತಿ ಸೇರದಿದ್ದಾಗ ಕೇಳುವ ಹಾಗೆ. ಬಡಿತ ಬದಲಾದರೆ ಯಾವುದೋ ಒಂದು ಜಾರಿದೆ ಎಂದರ್ಥ. ನಮ್ಮ ಕೋಣೆಯ ಪದ್ಧತಿ ನಿನಗೆ ನೆನಪಿರಬಹುದು. ಫ್ಯಾನಿನ ಗಾಳಿ ತಾಗದಿರಲಿ ಎಂದು ಜೋಡಿಯನ್ನು ಕಲ್ಲಿನ ಮೇಜಿನ ಮೇಲೆ ಒಂದೇ ಮರದ ಮುಚ್ಚಳದ ಕೆಳಗೆ ಇಡುತ್ತೇವೆ.

ಕನಿಕರ ನನ್ನ ಹತ್ತಿರ ಯಾವತ್ತೂ ಇರಲಿಲ್ಲ ಎಂದು ಅಮ್ಮ ಹೇಳುತ್ತಾಳೆ. ನೆಮ್ಮದಿಯಾಗಿರು.

ಅಕ್ಕ


ಜುಲೈ 8

ಅಕ್ಕ,

ನೆಮ್ಮದಿಯಾಗಿರು ಎಂದು ಬರೆಯುವುದು ಸುಲಭ. ಕೂತಲ್ಲಿ ಕೂರಲಾಗುತ್ತಿಲ್ಲ. ನಿನ್ನೆ ಬೆಸುಗೆ ಹಾಕಲು ಹೋಗಿ ಬೆರಳಿಗೇ ಹಾಕಿಕೊಂಡೆ. ಜೊತೆಯವಳು ಕೈಯಿಂದ ಕಡ್ಡಿ ಕಿತ್ತುಕೊಂಡು, "ಮೇಡಂ, ನೀವು ಹೊರಗಡೆ ಒಂದು ಸುತ್ತು ಹಾಕ್ಕೊಂಡ್ ಬನ್ನಿ. ನೀವಿದ್ರೆ ನಮ್ಗೂ ಕೆಲಸ ಓಡಲ್ಲ," ಎಂದಳು. ಸುತ್ತು ಹಾಕಿದೆ. ಟೈರಿನ ಅಂಗಡಿ, ಔಷಧಿ ಅಂಗಡಿ, ಸೈಕಲ್ ಸ್ಟ್ಯಾಂಡು, ಮತ್ತೆ ಟೈರಿನ ಅಂಗಡಿ. ಟೈರಿನವರಿಗೆ ಅನುಮಾನ ಬಂದಿರಬೇಕು, ಮೂರನೆಯ ಸಲ ಏನು ಬೇಕೆಂದು ಕೇಳಿದರು.

ಅಮ್ಮ ಫೋನ್ ಮಾಡಿದ್ದಳು. "ಇಲ್ಲಿ ಅವಳು ಮನೆಯೆಲ್ಲ ಓಡಾಡ್ತಾಳೆ, ಅಲ್ಲಿ ನೀನು. ಇಬ್ರನ್ನೂ ಒಂದು ಕಂಬಕ್ಕೆ ಕಟ್ಟಿಹಾಕ್ಬೇಕು," ಎಂದಳು. ನೀನೇಕೆ ಓಡಾಡುತ್ತೀ? ನಿನ್ನದೇನು ಹೋಗುವುದಿದೆ?

ತಕ್ಕಡಿಯ ದಂಡ ಬಾಗುವುದಿಲ್ಲ. ಬರೆದಿಟ್ಟುಕೋ. ಹೇಗೂ ಫೈಲಿಗೆ ಹೋಗುತ್ತದೆ.

ಚೂಟಿ


ಆಗಸ್ಟ್ 2

ಚೂಟಿ,

ವರದಿಗೆ ಸಹಿ ಹಾಕಿ ಈಗಷ್ಟೇ ನಿರ್ದೇಶಕರ ಕೋಣೆಗೆ ಕಳಿಸಿದೆ. ನಮ್ಮ ಕಟ್ಟುಪಾಡು ಹತ್ತು ಕೋಟಿಗೆ ಒಂದು ಪಾಲು, ಅದಕ್ಕಿಂತ ಹೆಚ್ಚು ಜಾರಬಾರದು. ಅಯಸ್ಕಾಂತದ ಲೇಸರ್ ಆಗೊಮ್ಮೆ ಈಗೊಮ್ಮೆ ಅಲುಗಿದರೂ ಮಿತಿಯೊಳಗೇ ಇತ್ತು. ನಮ್ಮ ಎರಡನೇ ನಂಬರಿನ ಲೇಸರ್ ಎದುರು ನಿನ್ನ ಪೆಟ್ಟಿಗೆ ಇಡೀ ತಿಂಗಳು ಎಳ್ಳಷ್ಟೂ ಅಲುಗಲಿಲ್ಲ. ಬಡಿತದ ಗೆರೆ ಕಾಗದದ ಮೇಲೆ ಅಡಿಪಟ್ಟಿ ಇಟ್ಟು ಎಳೆದ ಹಾಗಿದೆ. ಎರಡನೇ ನಂಬರು ನಿನಗೆ ಗೊತ್ತಲ್ಲ, ಹೊರಗಿನಿಂದ ತರಿಸಿದ ಹಳೆಯ ಪೆಟ್ಟಿಗೆ. ಕಳೆದ ವರ್ಷ ಅಯೋಡಿನ್ ಎದುರು ನೋಡಿದ್ದೆವು, ಸರಿಯಾಗಿತ್ತು.

ಚೆನ್ನಾಗಿ ಮಾಡಿದ್ದೀಯ, ಚೂಟಿ. ಅಳತೆಗೆ ಚೆನ್ನಾಗಿದೆ. ಇದನ್ನು ಬರೆಯಲು ಖುಷಿಯಾಯಿತು.

ಗುಮಾಸ್ತರು ತಮ್ಮ ಮಗಳೇ ಪರೀಕ್ಷೆ ಪಾಸು ಮಾಡಿದ ಹಾಗೆ ಓಡಾಡುತ್ತಿದ್ದಾರೆ.

ನಿನ್ನ ಅಕ್ಕ


ಆಗಸ್ಟ್ 10

ಅಕ್ಕ,

ಪತ್ರ ಸಿಕ್ಕಿತು. ಎಲ್ಲರಿಗೂ ಸಂತೋಷವಾಯಿತು. ಜೊತೆಯವರಿಬ್ಬರೂ ನೀನು ಬರೆದ ಆ ಸಾಲನ್ನು ನನ್ನಿಂದ ಜೋರಾಗಿ ಓದಿಸಿದರು. ಮಾಲೀಕರು ಲೇತಿನ ಮಾತು ಬಿಟ್ಟಿದ್ದಾರೆ. ಕೆಲಸ ಬಹಳ ಇದೆ, ಮತ್ತೆ ಬರೆಯುತ್ತೇನೆ. ಅಮ್ಮನಿಗೂ ಹೇಳು.

ಚೂಟಿ


ಆಗಸ್ಟ್ 24

ಚೂಟಿ,

ಏನಾಯಿತು ನಿನಗೆ? ಮೆರೆದಾಡುತ್ತೀ, ನನ್ನ ಮೂಗು ಮಣ್ಣಿಗೆ ಉಜ್ಜುತ್ತೀ ಎಂದುಕೊಂಡಿದ್ದೆ. ಅದನ್ನೆಲ್ಲ ನುಂಗಿಕೊಳ್ಳಲು ಸಿದ್ಧವಾಗಿಯೂ ಇದ್ದೆ. ನೋಡಿದರೆ ಬ್ಯಾಂಕಿನವರು ಬರೆದ ಹಾಗೆ ನಾಲ್ಕು ಸಾಲು. ಗುಮಾಸ್ತರು ಕಾಗದ ತಿರುಗಿಸಿ ಹಿಂದುಗಡೆ ಏನಾದರೂ ಇದೆಯೇ ಎಂದು ನೋಡಿದರು.

ನನಗೂ ಯಾಕೋ ಸಮಾಧಾನವಿಲ್ಲ. ಕಳೆದ ವಾರ ಕೋಣೆ ತಂಪು ಮಾಡುವ ಯಂತ್ರ ಒಂದು ಮಧ್ಯಾಹ್ನವಿಡೀ ನಿಂತುಹೋಯಿತು. ಒಳಗೆ ಉಸಿರುಗಟ್ಟುವಷ್ಟು ಸೆಕೆ. ಅಯಸ್ಕಾಂತದ ಲೇಸರ್ ತಡಬಡಾಯಿಸಿತು. ನಿನ್ನ ಪೆಟ್ಟಿಗೆಯ ಬಡಿತ ಮಾತ್ರ ಇದ್ದ ಹಾಗೇ ಇತ್ತು. ಹೆಮ್ಮೆಯಾಗಬೇಕಿತ್ತು. ಆಗಲಿಲ್ಲ. ಅಷ್ಟು ಸೆಕೆಗೆ ಎರಡರಲ್ಲಿ ಒಂದಾದರೂ ಮಿಸುಕಾಡಬೇಡವೇ? ನಿನ್ನದು ಅಷ್ಟು ಗಟ್ಟಿ ಎಂದೇ ಇಟ್ಟುಕೊಳ್ಳೋಣ. ಆ ಹಳೆಯ ಎರಡನೇ ನಂಬರಿಗೆ ಏನು ಬಂದಿತ್ತು?

ಅಮ್ಮ ನನ್ನ ಮುಖ ನೋಡಿ, "ಪಾಸ್ ಮಾಡಿದ್ಮೇಲೂ ಯಾಕೆ ಹೀಗೆ ಮುಖ ಗಂಟು ಹಾಕ್ಕೊಂಡಿದ್ದೀಯ?" ಎಂದಳು. ಕೊಳ್ಳುವ ಆದೇಶಕ್ಕೆ ಮುಂದಿನ ತಿಂಗಳು ಸಹಿ ಆಗುತ್ತದೆ. ನಿನಗೇನಾದರೂ ತೋಚಿದರೆ ಬರೆ. ನಾಲ್ಕು ಸಾಲಿಗಿಂತ ಜಾಸ್ತಿ ಬರೆ.

ಅಕ್ಕ


ಸೆಪ್ಟೆಂಬರ್ 3

ಚೂಟಿ,

ಇವತ್ತು ಬೆಳಿಗ್ಗೆ ಎರಡನೇ ನಂಬರಿನ ಪೆಟ್ಟಿಗೆ ಬಿಚ್ಚಿದೆ. ಇಷ್ಟು ವರ್ಷದಲ್ಲಿ ನಾನು ಅದರೊಳಗೆ ಇಣುಕಿದ್ದು ಇದೇ ಮೊದಲು. ಹೊರಗೆ ಹಳೆಯ ಫಲಕ, ಹಳೆಯ ನಂಬರು. ಒಳಗೆ ವೈರುಗಳನ್ನೆಲ್ಲ ಕೆಂಪು ಹೊಲಿಗೆ ದಾರದಿಂದ ಗಂಟು ಹಾಕಿ ಕಟ್ಟಿದೆ. ವೈರನ್ನು ಹಾಗೆ ಕಟ್ಟುವವಳು ಈ ಭೂಮಿಯ ಮೇಲೆ ಒಬ್ಬಳೇ.

ನೀನು ರಾಜೀನಾಮೆ ಬರೆದ ಮೇಲೆ ನಿನ್ನ ಎದುರು ಕೂರಲಾಗದೆ ನಾನು ರಜೆ ಹಾಕಿದ್ದೆ. ಎರಡನೇ ನಂಬರಿನ ಕೊಳವೆ ಆಗಲೇ ಸತ್ತಿರಬೇಕು. ಕೆಲಸ ಬಿಟ್ಟು ಹೊರಡುವ ಮೊದಲಿನ ಆ ತಿಂಗಳಲ್ಲಿ ನೀನು ಅದಕ್ಕೆ ನಿನ್ನ ಕೊಳವೆ, ನಿನ್ನ ಗಾಜಿನ ತುಂಡು, ನಿನ್ನ ಅಂಟು ಹಾಕಿ ಎಬ್ಬಿಸಿ ಹೋಗಿದ್ದೀಯ. ಅಂದರೆ ನಾನು ಇಡೀ ತಿಂಗಳು ನಿನ್ನ ಲೇಸರನ್ನು ನಿನ್ನದೇ ಲೇಸರ್ ಎದುರು ನಿಲ್ಲಿಸಿ, ಎರಡನ್ನೂ ಒಂದೇ ಮುಚ್ಚಳದ ಕೆಳಗೆ ಬೆಚ್ಚಗೆ ಮಲಗಿಸಿ, ಅಂತರ ಬದಲಾಗಲಿಲ್ಲ ಎಂದು ಹಿಗ್ಗಿದೆ. ಎರಡೂ ಒಂದೇ ಕಡೆಗೆ ಅಷ್ಟಷ್ಟೇ ಜಾರುತ್ತಿದ್ದರೆ ಬಡಿತಕ್ಕೆ ಏನು ಗೊತ್ತಾಗುತ್ತದೆ?

ವರದಿ ವಾಪಸ್ ಪಡೆಯುತ್ತೇನೆ ಎಂದು ನಿರ್ದೇಶಕರಿಗೆ ಹೇಳಿ ಬಂದೆ. "ಸಹಿ ಹಾಕಿರೋ ವರದಿ. ಇದರಿಂದ ನಿಮಗೆ ಏನಾಗುತ್ತೆ ಗೊತ್ತಲ್ಲ?" ಎಂದರು. ಗೊತ್ತು ಎಂದೆ. ನಿನ್ನ ಮೇಜಿಗೆ ಏನಾಗುತ್ತದೆ ಎನ್ನುವುದೂ ಗೊತ್ತು. ಅದನ್ನು ಅವರು ಕೇಳಲಿಲ್ಲ.

ಆಗಸ್ಟಿನ ನನ್ನ ಪತ್ರದಲ್ಲಿ ಎರಡನೇ ನಂಬರು ಎಂದು ಬರೆದಿದ್ದೆ. ನಿನ್ನನ್ನು ಏನೂ ಕೇಳುವುದಿಲ್ಲ. ಈ ಪತ್ರವೂ ಫೈಲಿಗೆ ಹೋಗುತ್ತದೆ.

ಅಕ್ಕ


ಸೆಪ್ಟೆಂಬರ್ 3

ಅಕ್ಕ,

ವರದಿಯನ್ನು ವಾಪಸ್ ಪಡೆದುಕೋ. ಎರಡನೇ ನಂಬರಿನ ಹೊಟ್ಟೆಯಲ್ಲಿರುವುದು ನನ್ನದೇ ಲೇಸರ್. ನೀನು ರಜೆಯಲ್ಲಿದ್ದಾಗ ಸರಿಮಾಡಿ ಇಟ್ಟಿದ್ದೆ. ಅದಕ್ಕೂ ಈಗ ಕಳಿಸಿದ ಪೆಟ್ಟಿಗೆಗೂ ಒಂದೇ ಡಬ್ಬದ ಕೊಳವೆಗಳು. ನಿನ್ನ ಪರೀಕ್ಷೆಗೆ ಬೆಲೆಯಿಲ್ಲ.

ಆಗಸ್ಟಿನ ಪತ್ರ ಓದಿದ ನಿಮಿಷದಲ್ಲೇ ನನಗೆ ಇದು ಗೊತ್ತಾಯಿತು. ಆವತ್ತೇ ಬರೆಯಬೇಕಿತ್ತು. ಪೆನ್ನು ಹಿಡಿದೆ. ಅಷ್ಟರಲ್ಲಿ ಜೊತೆಯವರು ಓದಿ ಓದಿ ಎಂದರು, ಓದಿದೆ, ಚಪ್ಪಾಳೆ ತಟ್ಟಿದರು. ಹುಟ್ಟಿದಾಗಿನಿಂದ ನೀನು ನನಗೆ ಚೆನ್ನಾಗಿ ಮಾಡಿದ್ದೀಯ ಎಂದದ್ದು ಅದೊಂದೇ ಸಲ, ಅಕ್ಕ. ನಾಳೆ ಬರೆದರಾಯಿತು, ಇವತ್ತೊಂದು ದಿನ ಇಟ್ಟುಕೊಳ್ಳೋಣ ಎನ್ನಿಸಿತು. ಮರುದಿನವೂ ಹಾಗೇ ಎನ್ನಿಸಿತು. ಕಡೆಗೆ ಪತ್ರ ಇಟ್ಟ ಡ್ರಾಯರು ತೆಗೆಯಲೂ ಹೇಸಿಗೆಯಾಗತೊಡಗಿತು. ಕೆಲಸಕ್ಕೆ ಕೂತರೆ ಏಳಬೇಕು, ಎದ್ದರೆ ಕೂರಬೇಕು. ಯಾರಾದರೂ ನಕ್ಕರೆ ಸಿಟ್ಟು.

ಸೆಕೆಯಲ್ಲೂ ಅಲುಗಲಿಲ್ಲ ಎಂದು ನೀನು ಬರೆದಾಗ ಇನ್ನು ತಡೆಯಲಾಗಲಿಲ್ಲ. ನಿನಗೆ ವಾಸನೆ ಬಡಿದಿದೆ, ನೀನಾಗಿಯೇ ಕಂಡುಹಿಡಿಯುತ್ತೀ ಎಂದು ಗೊತ್ತು. ಅದಕ್ಕೆ ಮೊದಲೇ ನನ್ನ ಬಾಯಿಂದ ಬರಲಿ.

ಮಾಲೀಕರಿಗೆ ಹೇಳಿದ್ದೇನೆ. ಇದೂ ಫೈಲಿಗೆ ಹೋಗಲಿ, ಒಂದಕ್ಷರವನ್ನೂ ಹೊಡೆದುಹಾಕಬೇಡಿ.

ಚೂಟಿ


ಅಕ್ಟೋಬರ್ 14

ಚೂಟಿ,

ನಿನ್ನ ಪತ್ರ ಬಂದ ದಿನ ಗುಮಾಸ್ತರು ಅದನ್ನು ನಕಲು ತೆಗೆಯದೆ, ಮುದ್ರೆಯನ್ನೂ ಒತ್ತದೆ ನೇರವಾಗಿ ನನ್ನ ಮೇಜಿಗೆ ತಂದಿಟ್ಟರು. "ನೀವು ಹೇಳಿ ಮೇಡಂ, ಇದು ಬಂದೇ ಇಲ್ಲ ಅಂತ ಅನ್ಕೋತೀನಿ," ಎಂದರು. ಅವರ ಕಣ್ಣು ತುಂಬಿತ್ತು. ನಿನ್ನ ಕೊನೆಯ ಸಾಲನ್ನು ತೋರಿಸಿದೆ. ತೆಗೆದುಕೊಂಡು ಹೋಗಿ ಫೈಲಿಗೆ ಸೇರಿಸಿದರು. ನನ್ನ ಪತ್ರ ಅಷ್ಟು ಹೊತ್ತಿಗೆ ನಿನ್ನ ಕೈಯಲ್ಲಿತ್ತು. ಒಂದೇ ದಿನ, ಮಾತಾಡಿಕೊಂಡವರ ಹಾಗೆ ಇಬ್ಬರೂ ಬರೆದಿದ್ದೇವೆ.

ಮಹಾರಾಣಿ ಎದ್ದು ಕೂತಳು. ಒಂದೊಂದನ್ನೇ ಅವಳೆದುರು ಬೇರೆ ಬೇರೆ ನಿಲ್ಲಿಸಿ ನೋಡಿದೆ. ಸುತ್ತಿ ಬಳಸಿ ಹೇಳುವುದಿಲ್ಲ. ನಿನ್ನ ಪೆಟ್ಟಿಗೆ ಹತ್ತು ಕೋಟಿಗೆ ಎರಡು ಪಾಲಿನ ಹತ್ತಿರ ಜಾರಿತು. ಎರಡನೇ ನಂಬರೂ ಅದೇ ದಿಕ್ಕಿಗೆ, ಹೆಚ್ಚು ಕಡಿಮೆ ಅಷ್ಟೇ ದೂರ. "ಒಂದೇ ತಾಯಿ ಮಕ್ಕಳಲ್ವಾ," ಎಂದರು ಗುಮಾಸ್ತರು. ಕೋಣೆ ತಂಪಾಗಿದ್ದ ದಿನಗಳಲ್ಲಿ ನಿನ್ನದು ಅಯಸ್ಕಾಂತದ್ದಕ್ಕಿಂತ ಚೆನ್ನಾಗಿಯೇ ನಿಂತಿತ್ತು. ಸೆಕೆ ಏರಿದಾಗ ಜಾರಿತು, ಇಳಿದಾಗ ಪೂರ್ತಿ ಹಿಂದಕ್ಕೆ ಬರಲಿಲ್ಲ. ಇದನ್ನೆಲ್ಲ ವರದಿಯಲ್ಲಿ ಬರೆದಿದ್ದೇನೆ. ಆದರೆ ಮಿತಿ ಮಿತಿಯೇ. ನೀನು ಪಾಸಾಗಲಿಲ್ಲ.

ಅಯಸ್ಕಾಂತದ ಲೇಸರ್ ಮಿತಿಯೊಳಗೇ ನಿಂತಿತು, ಶಾಖೆಗಳಿಗೆ ಅದೇ ಎಂದು ತೀರ್ಮಾನವಾಯಿತು. ನನ್ನನ್ನು ಒಂದು ವರ್ಷದ ಮಟ್ಟಿಗೆ ಟೇಪು ವಿಭಾಗಕ್ಕೆ ಹಾಕಿದ್ದಾರೆ. ಬಟ್ಟೆ ಅಂಗಡಿಯವರ ಟೇಪು ಹಿಗ್ಗಿದೆಯೇ ಕುಗ್ಗಿದೆಯೇ ಎಂದು ನೋಡಬೇಕು. ಬೇಜಾರಿಲ್ಲ ಎಂದರೆ ಸುಳ್ಳಾಗುತ್ತದೆ. ಬೆಳಿಗ್ಗೆ ಕಾಲು ತಾನಾಗಿ ಹಳೆಯ ಕೋಣೆಯ ಕಡೆ ತಿರುಗುತ್ತದೆ, ಬಾಗಿಲವರೆಗೆ ಹೋಗಿ ವಾಪಸ್ ಬರುತ್ತೇನೆ.

ನಾನು ಹೇಳಿದ್ದೇ ನಿಜವಾಯಿತು ಎಂದು ನನಗೆ ಖುಷಿಯಾಗಿದೆ ಎಂದುಕೊಳ್ಳಬೇಡ. ಗೆರೆ ಮಿತಿ ದಾಟುವುದನ್ನು ನೋಡುತ್ತಾ ಕೂತಿದ್ದೆ, ಅಳು ಬಂತು. ನಿಲ್ಲೇ, ನಿಲ್ಲೇ ಎಂದು ಪೆಟ್ಟಿಗೆಗೆ ಬಾಯಿಬಿಟ್ಟು ಹೇಳಿದೆ.

ಫೈಲು ಮುಚ್ಚಿದರು. ಈ ಪತ್ರಕ್ಕೆ ನಕಲಿಲ್ಲ. ಇನ್ನು ಮೇಲೆ ನಾವು ಫೋನಿನಲ್ಲಿ ಮಾತಾಡಬಹುದಂತೆ, ನಿರ್ದೇಶಕರೇ ಹೇಳಿದರು.

ನಿನ್ನ ಅಕ್ಕ


ಅಕ್ಟೋಬರ್ 22

ಅಕ್ಕ,

ಫೈಲು ಓದುವವರು ಯಾರೂ ಇಲ್ಲ ಎಂದು ನೆನೆದರೆ ಬರೆಯುವ ಕೈ ತಡೆಯುತ್ತದೆ. ಇಷ್ಟು ದಿನ ಅವರ ಮುಂದೆ ನಿನ್ನನ್ನು ಆಡಿಸುತ್ತಿದ್ದೆ. ಈಗ ನಾವಿಬ್ಬರೇ.

ಲೇತ್ ಬಂತು. ನನ್ನ ಮೇಜನ್ನು ಗೋಡೆಗೆ ಒರಗಿಸಿದ್ದಾರೆ. ಜೊತೆಯವರಿಬ್ಬರಿಗೂ ರಿಪೇರಿ ವಿಭಾಗದಲ್ಲಿ ಜಾಗ ಸಿಕ್ಕಿತು, ನನಗೂ ಅಲ್ಲೇ. ನನ್ನ ಮೇಲೆ ಅವರಿಗೆ ಸಿಟ್ಟು ಬರಬೇಕಿತ್ತು. ಒಬ್ಬಳು, "ಇಷ್ಟು ದಿನ ಹೊಟ್ಟೇಲಿ ಇಟ್ಕೊಂಡು ಹೆಂಗಿದ್ರಿ ಮೇಡಂ?" ಎಂದಳು. ಇನ್ನೊಬ್ಬಳು ಎರಡು ದಿನ ಮಾತಾಡಲಿಲ್ಲ, ಮೂರನೆಯ ದಿನ ತಾನೇ ಬಂದು ನನ್ನ ಸ್ಟೂಲನ್ನು ಅವಳದರ ಪಕ್ಕಕ್ಕೆ ಎಳೆದುಕೊಂಡಳು.

ಸೋಲು ಸೋಲೇ, ಒಪ್ಪಿದೆ. ಆದರೆ ಪೂರ್ತಿ ಹಿಂದಕ್ಕೆ ಬರಲಿಲ್ಲ ಎಂದು ಬರೆದೆಯಲ್ಲ, ಆ ಮಾತು ನನ್ನನ್ನು ಕೂರಲು ಬಿಡಲಿಲ್ಲ. ನೀನು ವಾಪಸ್ ಕಳಿಸಿದ ಪೆಟ್ಟಿಗೆ ಬಿಚ್ಚಿದೆ. ಗಾಜಿನ ತುಂಡಿನ ಕೆಳಗಿನ ಅಂಟು ಸೆಕೆಗೆ ಮೆತ್ತಗಾಗಿ, ತುಂಡು ಕೂದಲೆಳೆಯಷ್ಟು ವಾಲಿಕೊಂಡಿದೆ. ದಂಡ ಬಾಗುತ್ತದೆ, ಅಕ್ಕ. ಈಗ ಅಂಟು ಕಿತ್ತು ಹಾಕಿ ಸ್ಪ್ರಿಂಗಿನಲ್ಲಿ ಹಿಡಿಸಿದ್ದೇನೆ. ಪೆಟ್ಟಿಗೆ ನನ್ನ ಅಡುಗೆಮನೆಯ ಮೇಜಿನ ಮೇಲಿದೆ. ಸರಿಹೋಯಿತೋ ಇಲ್ಲವೋ ಹೇಳುವವರು ಇಲ್ಲಿ ಯಾರೂ ಇಲ್ಲ. ಲೇಸರ್ ಹಚ್ಚಿ ನೋಡುತ್ತೇನೆ, ಆರಿಸುತ್ತೇನೆ, ಮತ್ತೆ ಹಚ್ಚುತ್ತೇನೆ.

ನಿನ್ನೆ ಸಂಜೆ ನಿಮ್ಮ ಮನೆಗೆ ಬಂದ ಮೂಕ ಫೋನು ನನ್ನದೇ. ಅಮ್ಮ ಎತ್ತುತ್ತಾಳೆ ಎಂದುಕೊಂಡಿದ್ದೆ, ನೀನು ಎತ್ತಿದೆ. "ಹಲೋ, ಯಾರು? ಯಾರ್ರೀ, ಮಾತಾಡಿ," ಎಂದೆ. ಹೇಳಬೇಕಾದ್ದನ್ನೆಲ್ಲ ನಾನು ಮನಸ್ಸಿನಲ್ಲಿ ಜೋಡಿಸಿಕೊಂಡಿದ್ದೆ. ನಿನ್ನ ದನಿ ಕೇಳಿದ್ದೇ ಎಲ್ಲ ಮರೆತುಹೋಯಿತು. ನೀನು ಇಟ್ಟುಬಿಡುತ್ತೀ ಎಂದು ಕಾದೆ. ನೀನು ಇಡಲಿಲ್ಲ. ಸುಮ್ಮನೆ ಹಿಡಿದುಕೊಂಡೇ ಇದ್ದೆ, ನಿನ್ನ ಉಸಿರು ಕೇಳುತ್ತಿತ್ತು. ಆಮೇಲೆ ನೀನು ಮೆಲ್ಲಗೆ, "ಊಟ ಆಯ್ತಾ?" ಎಂದೆ.

ನಾನು ಇಟ್ಟುಬಿಟ್ಟೆ.

ಆಗಿರಲಿಲ್ಲ, ಅಕ್ಕ. ಭಾನುವಾರ ಸಂಜೆ ಮತ್ತೆ ಮಾಡುತ್ತೇನೆ. ಅದನ್ನೇ ಇನ್ನೊಂದು ಸಲ ಕೇಳು.

ಚೂಟಿ